ದಿನಕ್ಕೆ ಎರಡಾಣೆಯ ಪಿಗ್ಮಿ: ಉದ್ಯಮಿಯ ಲೆಕ್ಕವೋ, ಊರಿನ ಹಿತವೋ?

ಪ್ರಶ್ನೆ: ಪುಡಿ ತಯಾರಕಿ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಸಾಂಬಾರು ಪುಡಿ, ಸಾರಿನ ಪುಡಿ ಮತ್ತು ಉಪ್ಪಿನಕಾಯಿ ತಯಾರಿಸಿ ಮಾರುವ ಸಣ್ಣ ಘಟಕವೊಂದನ್ನು ನಾನು ನಡೆಸುತ್ತಿದ್ದೇನೆ. ನನ್ನ ಜೊತೆ ಆರು ಮಂದಿ ಹೆಂಗಸರು ಕೆಲಸಕ್ಕಿದ್ದಾರೆ.

ಇದಕ್ಕೂ ಮೊದಲು ನಮ್ಮದು ಅಪ್ಪನ ದಿನಸಿ ಅಂಗಡಿ. ಪ್ರತಿದಿನ ದೀಪ ಹಚ್ಚುವ ಹೊತ್ತಿಗೆ ಪಿಗ್ಮಿಯವರು, ಎಂದರೆ ಬ್ಯಾಂಕಿನ ಪರವಾಗಿ ದಿನದ ಉಳಿತಾಯದ ಹಣ ಸಂಗ್ರಹಿಸುವವರು, ಸೈಕಲ್ಲಿನಲ್ಲಿ ಬರುತ್ತಿದ್ದರು. ಗಲ್ಲಾಪೆಟ್ಟಿಗೆಯಿಂದ ಅಪ್ಪ ಎಲ್ಲಕ್ಕಿಂತ ಮೊದಲು ತೆಗೆದಿಡುತ್ತಿದ್ದುದು ಅವರ ಹಣವನ್ನು. ಉಳಿದದ್ದರಲ್ಲಿ ಸಗಟು ಮಂಡಿಯವರ ಬಾಕಿ, ಅದೂ ಕಳೆದು ಉಳಿದರೆ ಮನೆಯ ಖರ್ಚು. ಅಂಗಡಿಗೆ ಹೊಸ ತಕ್ಕಡಿ ಬಂದದ್ದು, ಮನೆಯ ಸೋರುವ ಮಾಡಿಗೆ ಹೆಂಚು ಹೊದಿಸಿದ್ದು, ನಾನು ಶಿವಮೊಗ್ಗದಲ್ಲಿ ಬಿ.ಕಾಂ. ಓದಿದ್ದು ಎಲ್ಲವೂ ಆ ಖಾತೆಯ ಮೇಲೆ ತೆಗೆದ ಸಾಲದಿಂದಲೇ. ಕೊನೆಗಾಲದಲ್ಲಿ ಅಪ್ಪ ಬ್ಯಾಂಕನ್ನು ಬಿಟ್ಟು ಊರಿನ ಒಂದು ಪತ್ತಿನ ಸಂಘದಲ್ಲಿ ಪಿಗ್ಮಿ ಕಟ್ಟತೊಡಗಿದರು. ಆಗ ಸಂಘದ ಪಿಗ್ಮಿ ಕಲೆಕ್ಟರ್ ಕೊಟ್ಟ ಚೀಟಿಗಳಿಗೂ ಸಂಘದ ಪುಸ್ತಕಕ್ಕೂ ತಾಳೆಯಾಗದೆ ನಾಲ್ಕು ತಿಂಗಳ ಹಣ ಕೈಬಿಟ್ಟಿತು. ಆ ಹಣಕ್ಕಿಂತ ಹೆಚ್ಚಾಗಿ ಅಪ್ಪನನ್ನು ನೋಯಿಸಿದ್ದು ದಿನವೂ ಬಾಗಿಲಿಗೆ ಬರುತ್ತಿದ್ದ ಮನುಷ್ಯನ ಮೇಲೆ ಇಟ್ಟಿದ್ದ ನಂಬಿಕೆ ಹೋದದ್ದು.

ಈಗ ನನ್ನ ಘಟಕಕ್ಕೆ ಬರುವ ಹಣದಲ್ಲಿ ಬಹುಪಾಲು ಫೋನಿನಿಂದ ನೇರವಾಗಿ ಖಾತೆಗೆ ಬೀಳುತ್ತದೆ. ಪೆಟ್ಟಿಗೆಯಲ್ಲಿ ನೋಟೇ ಇರುವುದಿಲ್ಲ. ಹೀಗಿರುವಾಗ ನನ್ನನ್ನು ಕಾಡುತ್ತಿರುವ ಪ್ರಶ್ನೆಗಳು ಎರಡು. ಪಿಗ್ಮಿಯನ್ನು ಹುಟ್ಟುಹಾಕಿದ ಕರಾವಳಿಯ ಉದ್ಯಮಿಗಳು ಮಾಡಿದ್ದು ವ್ಯಾಪಾರವನ್ನೋ, ಸಮಾಜದ ಕೆಲಸವನ್ನೋ? ಇದನ್ನು ನಾನು ಕೇವಲ ಕುತೂಹಲಕ್ಕೆ ಕೇಳುತ್ತಿಲ್ಲ. ನನ್ನಲ್ಲಿ ಕೆಲಸ ಮಾಡುವ ಹೆಂಗಸರ ಕೂಲಿಯಿಂದ ದಿನಕ್ಕೆ ಇಪ್ಪತ್ತು ರೂಪಾಯಿ ತೆಗೆದಿಟ್ಟು, ವರ್ಷದ ಕೊನೆಗೆ ಸ್ವಲ್ಪ ಸೇರಿಸಿ ಕೊಡುವ ಯೋಚನೆ ನನಗಿದೆ. ಅದು ಸರಿಯಾದ ದಾರಿಯೇ ಎಂದು ತಿಳಿದವರು ಹೇಳಬೇಕು.

ಉತ್ತರ 1: ನಿವೃತ್ತ ಬ್ಯಾಂಕ್ ಅಧಿಕಾರಿ, ಉಡುಪಿ

ನಿಮ್ಮ ತಂದೆಯವರು ಮೊದಲು ಪಿಗ್ಮಿಯ ಹಣವನ್ನು ತೆಗೆದಿಡುತ್ತಿದ್ದರು ಎಂಬ ಮಾತಿನಲ್ಲೇ ಇಡೀ ಯೋಜನೆಯ ತಿರುಳಿದೆ ಎಂದು ನನಗೆ ಅನ್ನಿಸುತ್ತದೆ. ಖರ್ಚು ಮಾಡಿ ಉಳಿದದ್ದನ್ನು ಕೂಡಿಡಿ ಎಂದು ಹೇಳಿದರೆ ಸಣ್ಣ ವ್ಯಾಪಾರಿಯ ಬಳಿ ಉಳಿಯುವುದು ಏನೂ ಇಲ್ಲ. ಕೂಡಿಟ್ಟ ಮೇಲೆ ಖರ್ಚು ಮಾಡುವ ಅಭ್ಯಾಸವನ್ನು ಉಪದೇಶದಿಂದಲ್ಲದೆ, ದಿನವೂ ಅದೇ ಹೊತ್ತಿಗೆ ಬಾಗಿಲಲ್ಲಿ ನಿಲ್ಲುವ ಒಬ್ಬ ಮನುಷ್ಯನ ಮೂಲಕ ತಂದದ್ದು ಈ ಯೋಜನೆಯ ಹೆಚ್ಚುಗಾರಿಕೆ.

1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಆರಂಭಿಸಿದರು. ಒಬ್ಬರು ವ್ಯಾಪಾರಿ, ಒಬ್ಬರು ಎಂಜಿನಿಯರ್, ಒಬ್ಬರು ವೈದ್ಯರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಇದೇ ಸಂಸ್ಥೆ. ಆಗ ಈ ಭಾಗದ ಕೈಮಗ್ಗದ ನೇಕಾರರು ಬಹಳ ಕಷ್ಟದಲ್ಲಿದ್ದರು; ಅವರಿಗೆ ಹಣ ಒದಗಿಸಬೇಕು, ಅದಕ್ಕೆ ಊರಿನ ಸಣ್ಣ ಉಳಿತಾಯವನ್ನೇ ಒಟ್ಟುಗೂಡಿಸಬೇಕು ಎಂಬುದು ಆರಂಭದ ಉದ್ದೇಶವಾಗಿತ್ತು. ಪಿಗ್ಮಿ ಬಂದದ್ದು 1928ರಲ್ಲಿ. ದಿನಕ್ಕೆ ಎರಡಾಣೆಯಷ್ಟು ಕಡಿಮೆ ಹಣವನ್ನೂ ಏಜೆಂಟರು ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದರು. ಎರಡಾಣೆಯಂತೆ ವರ್ಷಪೂರ್ತಿ ಕಟ್ಟಿದರೆ 730 ಆಣೆ, ಎಂದರೆ ರೂಪಾಯಿಗೆ ಹದಿನಾರಾಣೆಯ ಲೆಕ್ಕದಲ್ಲಿ ನಲವತ್ತೈದು ರೂಪಾಯಿ ಹತ್ತಾಣೆಯಾಗುತ್ತದೆ. ಮಗ್ಗವನ್ನೋ ಹಸುವನ್ನೋ ನೆಚ್ಚಿ ಬದುಕುವ ಮನೆಗೆ ಆ ಕಾಲದಲ್ಲಿ ಒಟ್ಟಿಗೆ ಕೈಗೆ ಬರುವ ಅಷ್ಟು ಹಣ ಸಣ್ಣದಾಗಿರಲಿಲ್ಲ.

ವ್ಯಾಪಾರವೋ ಸಮಾಜದ ಕೆಲಸವೋ ಎಂದು ನೀವು ಕೇಳಿದ್ದೀರಿ. ಖಂಡಿತವಾಗಿಯೂ ವ್ಯಾಪಾರ, ಮತ್ತು ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ದೊಡ್ಡ ಬ್ಯಾಂಕುಗಳು ಭೂಮಾಲೀಕರ ಮತ್ತು ರಫ್ತುದಾರರ ದೊಡ್ಡ ಠೇವಣಿಗಳ ಹಿಂದೆ ಹೋಗುತ್ತಿದ್ದಾಗ, ಯಾರೂ ಲೆಕ್ಕಕ್ಕೆ ಇಡದ ಚಿಲ್ಲರೆಯಲ್ಲಿ ಬಂಡವಾಳವಿದೆ ಎಂದು ಇವರು ಕಂಡುಕೊಂಡರು. ಇನ್ನೊಂದು ಲಾಭವನ್ನು ಹೊರಗಿನವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ದಿನವೂ ಅಂಗಡಿಗೆ ಹೋಗುವ ಕಲೆಕ್ಟರಿಗೆ ಆ ಅಂಗಡಿಯ ವಹಿವಾಟು ಏರುತ್ತಿದೆಯೋ ಇಳಿಯುತ್ತಿದೆಯೋ, ಉದರಿ ಹೆಚ್ಚಾಗಿದೆಯೋ, ಮಾಲೀಕ ಮಾತಿಗೆ ನಿಲ್ಲುವವನೋ ಎಂಬುದು ಯಾವ ದಾಖಲೆಯೂ ಇಲ್ಲದೆ ತಿಳಿಯುತ್ತಿತ್ತು. ಅಡವಿಡಲು ಜಮೀನಾಗಲಿ ಚಿನ್ನವಾಗಲಿ ಇಲ್ಲದವನಿಗೆ, ತಪ್ಪದೆ ಕಟ್ಟಿದ ಪಿಗ್ಮಿ ಪುಸ್ತಕವೇ ಯೋಗ್ಯತಾಪತ್ರವಾಯಿತು. ನಾನು ಸೇವೆಯಲ್ಲಿದ್ದಾಗ ಎಷ್ಟೋ ಸಲ ಸಾಲದ ಅರ್ಜಿಯನ್ನು ಬದಿಗಿಟ್ಟು ಮೊದಲು ಆ ಪುಸ್ತಕವನ್ನು ತಿರುವಿ ನೋಡಿದ್ದೇನೆ. ಮಳೆಗಾಲದ ಮೂರು ತಿಂಗಳಲ್ಲೂ ಕಂತು ತಪ್ಪದಿದ್ದರೆ ಉಳಿದ ವಿಚಾರಣೆ ಹಗುರವಾಗುತ್ತಿತ್ತು.

ಇದು ಒಬ್ಬಿಬ್ಬರ ಕಥೆಯೂ ಅಲ್ಲ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಇಂದಿನ ಕೆನರಾ ಬ್ಯಾಂಕಿನ ಮೂಲವಾದ ಹಿಂದೂ ಪರ್ಮನೆಂಟ್ ಫಂಡನ್ನು, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ಎ.ಬಿ. ಶೆಟ್ಟರ ಮುಂದಾಳತ್ವದಲ್ಲಿ ವಿಜಯಾ ಬ್ಯಾಂಕ್ ಬಂದವು. ಹಾಜಿ ಅಬ್ದುಲ್ಲಾ ಸಾಹೇಬರ ಬ್ಯಾಂಕಿನಲ್ಲಿ ಮೊದಲ ದಿನದ ಕೊನೆಗೆ ಸೇರಿದ್ದ ಹಣ 38 ರೂಪಾಯಿ 13 ಆಣೆ 2 ಪೈ (ಪೈ ಎಂದರೆ ಆಣೆಗೂ ಚಿಕ್ಕ ನಾಣ್ಯ). ಆ ಎರಡು ಪೈಯನ್ನೂ ಬರೆದಿಟ್ಟವರ ಶ್ರದ್ಧೆಯ ಬಗ್ಗೆ ನನಗೆ ಇಂದಿಗೂ ಗೌರವವಿದೆ.

ಉತ್ತರ 2: ಪಿಗ್ಮಿ ಕಲೆಕ್ಟರರ ಮಗ, ದಾವಣಗೆರೆ

ಮೇಲಿನ ಹಿರಿಯರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಬಾಗಿಲಲ್ಲಿ ನಿಂತ ಮನುಷ್ಯನ ಬಗ್ಗೆ ಎರಡು ಮಾತು ಸೇರಿಸದಿದ್ದರೆ ಚಿತ್ರ ಪೂರ್ಣವಾಗುವುದಿಲ್ಲ.

ನಮ್ಮ ತಂದೆಯವರು ಇಪ್ಪತ್ತೆರಡು ವರ್ಷ ಪಿಗ್ಮಿ ಸಂಗ್ರಹಿಸಿದರು. ಬೆಳಿಗ್ಗೆ ಮಾರುಕಟ್ಟೆಯ ಹೂವಿನವರು ಮತ್ತು ತರಕಾರಿಯವರು, ಮಧ್ಯಾಹ್ನ ಮನೆಗಳು, ರಾತ್ರಿ ಒಂಬತ್ತರವರೆಗೆ ಮಂಡಕ್ಕಿ ಭಟ್ಟಿಗಳು ಮತ್ತು ಖಾನಾವಳಿಗಳು. ಸಂಬಳವಿರಲಿಲ್ಲ, ಸಂಗ್ರಹಿಸಿದ ಹಣದ ಮೇಲೆ ಕಮಿಷನ್ ಮಾತ್ರ. ಜ್ವರ ಬಂದ ದಿನ ಕಮಿಷನ್ ಇಲ್ಲ, ಊರಲ್ಲಿ ಬಂದ್ ಆದರೆ ಕಮಿಷನ್ ಇಲ್ಲ. ಬ್ಯಾಂಕಿನ ಹೆಸರನ್ನು ಊರಿಗೆಲ್ಲ ಪರಿಚಯಿಸಿದ ಜಾಹೀರಾತು ಯಾವುದು ಎಂದು ಕೇಳಿದರೆ ನಾನು ಗೋಡೆಯ ಬರಹವನ್ನಾಗಲಿ ಪತ್ರಿಕೆಯ ಪ್ರಕಟಣೆಯನ್ನಾಗಲಿ ತೋರಿಸುವುದಿಲ್ಲ, ಅವರ ಸೈಕಲ್ಲನ್ನೂ ಹೆಗಲಿನ ಚೀಲವನ್ನೂ ತೋರಿಸುತ್ತೇನೆ. ಒಂದು ಬ್ಯಾಂಕು ತನ್ನ ಒಂದು ಯೋಜನೆಗೆ ಇಟ್ಟ ಹೆಸರು ಇಂದು ಕರ್ನಾಟಕದಲ್ಲಿ ಯಾವ ಸಂಸ್ಥೆಯ ದೈನಂದಿನ ಠೇವಣಿಗೂ ಸಾಮಾನ್ಯ ಪದವಾಗಿಬಿಟ್ಟಿದೆ. ಅಷ್ಟು ಆಳಕ್ಕೆ ಇಳಿದ ಪ್ರಚಾರವನ್ನು ದುಡ್ಡು ಕೊಟ್ಟು ಮಾಡಿಸಲು ಸಾಧ್ಯವಿಲ್ಲ. ಅದನ್ನು ಮಾಡಿದವರು ಮಾತ್ರ ಬ್ಯಾಂಕಿನ ಹಾಜರಿ ಪುಸ್ತಕದಲ್ಲಿ ಇರಲಿಲ್ಲ.

ಇವರು ನೌಕರರೇ ಅಲ್ಲ, ಸ್ವತಂತ್ರ ಏಜೆಂಟರು ಎಂದು ಬ್ಯಾಂಕುಗಳು ಬಹುಕಾಲ ವಾದಿಸಿದವು. ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿ 1988ರಲ್ಲಿ ಸಂಗ್ರಹಕಾರರ ಪರವಾಗಿ ತೀರ್ಪು ಕೊಟ್ಟಿತು. ವ್ಯಾಜ್ಯ ಮೇಲಕ್ಕೆ ಹೋಗಿ 2001ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಕಾರ್ಮಿಕರೆಂದು ಒಪ್ಪಿ, ಅವರು ಪಡೆಯುವ ಕಮಿಷನ್ ಕೂಡ ವೇತನವೇ ಎಂದು ಹೇಳಿತು. ಇಂದು ಮನೆಮನೆಗೆ ಊಟ ತಲುಪಿಸುವ ಹುಡುಗರನ್ನು ನೌಕರರೆನ್ನಬೇಕೋ ಪಾಲುದಾರರೆನ್ನಬೇಕೋ ಎಂಬ ಚರ್ಚೆಯನ್ನು ಕೇಳಿದಾಗಲೆಲ್ಲ ನನಗೆ ತಂದೆಯವರ ನೆನಪಾಗುತ್ತದೆ.

ತೀರ್ಥಹಳ್ಳಿಯ ಸಹೋದರಿಗೆ ಆದ ಮೋಸವನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ದಿನವೂ ಸಾವಿರಾರು ರೂಪಾಯಿ ನಗದನ್ನು ಒಬ್ಬನ ಚೀಲದಲ್ಲಿ ಹೊರಿಸಿ, ಅವನ ಆದಾಯಕ್ಕೆ ಯಾವ ಭದ್ರತೆಯನ್ನೂ ಕೊಡದೆ, ವಾರಕ್ಕೊಮ್ಮೆಯೂ ಪುಸ್ತಕಗಳನ್ನು ತಾಳೆ ನೋಡದ ಸಂಸ್ಥೆಯ ಹೊಣೆ ಎಷ್ಟು ಎಂಬುದನ್ನೂ ಕೇಳಬೇಕು.

ಉತ್ತರ 3: ಸಹಕಾರಿ ಸಂಘದ ಸದಸ್ಯ, ಗದಗ

ಚಿಕ್ಕದಾದರೂ ಮುಖ್ಯವಾದ ಒಂದು ವಿಷಯ. ಬ್ಯಾಂಕಿನ ಪಿಗ್ಮಿಯೂ ಪತ್ತಿನ ಸಂಘದ ಪಿಗ್ಮಿಯೂ ಹೆಸರಿನಲ್ಲಿ ಒಂದೇ ಆದರೂ ರಕ್ಷಣೆಯಲ್ಲಿ ಒಂದೇ ಅಲ್ಲ. ವಾಣಿಜ್ಯ ಬ್ಯಾಂಕು ಮತ್ತು ಸಹಕಾರಿ ಬ್ಯಾಂಕುಗಳ ಠೇವಣಿಗೆ 2020ರಿಂದ ಒಬ್ಬ ಠೇವಣಿದಾರರಿಗೆ ಐದು ಲಕ್ಷ ರೂಪಾಯಿಯವರೆಗೆ ವಿಮೆಯಿದೆ. ಪ್ರಾಥಮಿಕ ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಆ ವಿಮೆ ಅನ್ವಯಿಸುವುದಿಲ್ಲ. 1905ರಲ್ಲೇ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಜಿಲ್ಲೆಯವನಾಗಿ ಸಂಘಗಳ ಮೇಲೆ ನನಗೆ ಅಭಿಮಾನವಿದೆ, ಅದಕ್ಕಾಗಿಯೇ ಇದನ್ನು ಹೇಳುತ್ತಿದ್ದೇನೆ. ಸಂಘದಲ್ಲಿ ಹಣ ಇಡುವವರು ಸದಸ್ಯರಾಗಿ ಮಹಾಸಭೆಗೆ ಹೋಗಬೇಕು, ಲೆಕ್ಕಪರಿಶೋಧನೆಯ ವರದಿ ಕೇಳಬೇಕು. ಮನೆಗೆ ಬಂದು ಹಣ ಒಯ್ಯುತ್ತಾರೆ ಎಂಬ ಅನುಕೂಲಕ್ಕೆ ಮರುಳಾಗಿ ನಾವು ಸಂಘದ ಮೆಟ್ಟಿಲನ್ನೇ ಹತ್ತುವುದಿಲ್ಲ.

ಉತ್ತರ 4: ವಾಣಿಜ್ಯಶಾಸ್ತ್ರ ಉಪನ್ಯಾಸಕಿ, ಮಂಗಳೂರು

ಈ ಚರ್ಚೆಯಲ್ಲಿ ರಾಜಕೀಯದ ಪ್ರಸ್ತಾಪ ಇನ್ನೂ ಬಂದಿಲ್ಲ. ಉಡುಪಿಯ ಹಿರಿಯರು ಹೇಳಿದ ಬ್ಯಾಂಕುಗಳನ್ನು ಕಟ್ಟಿದವರು ಗದ್ದುಗೆಯಿಂದ ದೂರ ಉಳಿದವರೇನೂ ಅಲ್ಲ. ಎ.ಬಿ. ಶೆಟ್ಟರು ಮದ್ರಾಸು ಸರ್ಕಾರದಲ್ಲಿ ಸಚಿವರಾಗಿದ್ದರು. ಸಿಂಡಿಕೇಟ್ ಬ್ಯಾಂಕನ್ನು ನಡೆಸಿದ ಟಿ.ಎ. ಪೈಯವರು 1965ರಲ್ಲಿ ಭಾರತೀಯ ಆಹಾರ ನಿಗಮದ ಮೊದಲ ಅಧ್ಯಕ್ಷರಾದರು, 1972ರಲ್ಲಿ ಕೇಂದ್ರದ ರೈಲ್ವೆ ಸಚಿವರಾದರು. ಬ್ಯಾಂಕು ನಡೆಸಿದ ಅನುಭವ ಆಡಳಿತಕ್ಕೆ ಹರಿದದ್ದು ಹೀಗೆ.

ಹರಿವು ಆ ಕಡೆಯಿಂದ ಈ ಕಡೆಗೂ ಬಂತು. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣಗೊಂಡಾಗ ಅವುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ಎರಡೂ ಇದ್ದವು; 1980ರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳೂ ಸೇರಿದವು. ಒಂದೇ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳು ದೇಶದ ಸ್ವತ್ತಾದವು. ಸಣ್ಣವರಿಗೆ, ಹಳ್ಳಿಯವರಿಗೆ, ಕಸುಬಿನವರಿಗೆ ಸಾಲ ಸಿಗಬೇಕು ಎಂಬುದು ಆಗ ಸರ್ಕಾರ ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು. ಅದನ್ನು ನಮ್ಮ ಕರಾವಳಿಯ ಬ್ಯಾಂಕುಗಳು ನಾಲ್ಕು ದಶಕಗಳ ಹಿಂದೆಯೇ ಲಾಭದ ಲೆಕ್ಕದಲ್ಲಿಯೇ ಮಾಡಿ ತೋರಿಸಿದ್ದವು. ಖಾಸಗಿಯವರು ಬಡವರ ಬಳಿ ಹೋಗುವುದಿಲ್ಲ ಎಂಬ ವಾದಕ್ಕೆ ಇವು ಅಪವಾದವಾಗಿದ್ದವು. ಆದರೂ ನಿಯಮಕ್ಕೆ ಒಳಪಟ್ಟವು. ರಾಷ್ಟ್ರೀಕರಣದಿಂದ ದೇಶದ ಮೂಲೆಮೂಲೆಗೆ ಶಾಖೆಗಳು ಹೋದದ್ದು ನಿಜ, ಅದರ ಪ್ರಯೋಜನವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಯಾವ ಅಂಗಡಿಗೆ ಸಾಲ ಕೊಡಬೇಕೆಂಬ ತೀರ್ಮಾನ ಊರನ್ನು ಬಲ್ಲವರ ಕೈಯಿಂದ ನಿಧಾನವಾಗಿ ದೂರ ಸರಿಯಿತು ಎಂದೇ ನನ್ನ ಅಭಿಪ್ರಾಯ. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ ವಿಲೀನವಾದವು. ಬೋರ್ಡು ಬದಲಾದ ದಿನ ಮಂಗಳೂರಿನಲ್ಲಿ ಅನೇಕರಿಗೆ ಮನೆಯವರೊಬ್ಬರನ್ನು ಕಳೆದುಕೊಂಡಂತೆ ಆಗಿತ್ತು.

ಹಾಗೆಂದು ಸ್ಥಾಪಕರನ್ನು ಕೇವಲ ಹಣದವರೆಂದು ನೋಡುವುದೂ ಸರಿಯಲ್ಲ. ಸುಬ್ಬರಾವ್ ಪೈಯವರು ಬ್ಯಾಂಕಿಗಿಂತ ಹದಿನೈದು ವರ್ಷ ಮೊದಲೇ, 1891ರಲ್ಲಿ ಕೆನರಾ ಹೈಸ್ಕೂಲು ಆರಂಭಿಸಿದ್ದರು. 1894ರಲ್ಲಿ ಹೆಣ್ಣುಮಕ್ಕಳಿಗೂ ಶಾಲೆ ತೆರೆದರು. ಟಿ.ಎಂ.ಎ. ಪೈಯವರು 1942ರಲ್ಲಿ ಮಣಿಪಾಲದಲ್ಲಿ ಆರಂಭಿಸಿದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ನಿನ ಮೊದಲ ಉದ್ದೇಶ ಕೈಕಸುಬಿನ ತರಬೇತಿಯೇ ಆಗಿತ್ತು. ಲೆಕ್ಕ ಬರೆಯಬಲ್ಲ ಗುಮಾಸ್ತನಿಲ್ಲದೆ ಬ್ಯಾಂಕಿಲ್ಲ, ದುಡಿಮೆ ಗೊತ್ತಿಲ್ಲದವನಿಗೆ ಕೊಟ್ಟ ಸಾಲ ಮರಳುವುದಿಲ್ಲ. ಶಾಲೆ ಮತ್ತು ಬ್ಯಾಂಕನ್ನು ಅವರು ಒಂದೇ ಕೆಲಸದ ಎರಡು ಭಾಗಗಳಾಗಿ ಕಂಡಿರಬೇಕು. ಆದ್ದರಿಂದ ವ್ಯಾಪಾರವೋ ಸಮಾಜಸೇವೆಯೋ ಎಂಬ ಪ್ರಶ್ನೆಯನ್ನು ಅವರ ಮುಂದೆ ಇಟ್ಟಿದ್ದರೆ ಆ ಎರಡನ್ನು ಬೇರೆ ಮಾಡಿದ್ದೇಕೆ ಎಂದು ಅವರೇ ಕೇಳುತ್ತಿದ್ದರೇನೋ.

ಉತ್ತರ 5: ಸ್ವಉದ್ಯೋಗ ತರಬೇತುದಾರ, ಬೆಳ್ತಂಗಡಿ

ಮೂಲ ಪ್ರಶ್ನೆಯ ಎರಡನೆಯ ಭಾಗಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಅಕ್ಕಾ, ನಿಮ್ಮ ಉದ್ದೇಶ ಒಳ್ಳೆಯದು, ಆದರೆ ಕೆಲಸದವರ ಹಣವನ್ನು ನೀವೇ ಇಟ್ಟುಕೊಳ್ಳಬೇಡಿ. 2019ರಲ್ಲಿ ಬಂದ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯ ಪ್ರಕಾರ, ನೋಂದಣಿಯಿಲ್ಲದೆ, ಮರಳಿ ಕೊಡುವ ಭರವಸೆಯ ಮೇಲೆ ಠೇವಣಿ ಸಂಗ್ರಹಿಸುವುದು ಅಪರಾಧವಾಗಬಹುದು. ಕೂಲಿಯಲ್ಲಿ ಹಿಡಿದುಕೊಳ್ಳುವುದಕ್ಕೂ ಕಾನೂನಿನ ಮಿತಿಗಳಿವೆ. ಕಾನೂನು ಬದಿಗಿರಲಿ, ಒಂದು ಮಳೆಗಾಲ ನಿಮ್ಮ ವ್ಯಾಪಾರ ಕುಸಿದು ಆ ಹಣ ಮೆಣಸಿನಕಾಯಿ ಖರೀದಿಗೆ ಹೋದರೆ, ನಿಮ್ಮ ತಂದೆಯವರು ನಿಂತ ಜಾಗದಲ್ಲಿ ಆ ಹೆಂಗಸರು ನಿಲ್ಲುತ್ತಾರೆ. ಪಿಗ್ಮಿಯಿಂದ ತೆಗೆದುಕೊಳ್ಳಬೇಕಾದದ್ದು ಹಣ ಇಟ್ಟುಕೊಳ್ಳುವ ಕ್ರಮವನ್ನಲ್ಲ, ತಪ್ಪದೆ ನೆನಪಿಸುವ ಕ್ರಮವನ್ನು.

ಮಾಡಬಹುದಾದದ್ದು ಹೀಗಿದೆ. ಪ್ರತಿಯೊಬ್ಬರ ಹೆಸರಿನಲ್ಲಿಯೇ ಅಂಚೆ ಕಚೇರಿಯಲ್ಲಿ ಆವರ್ತ ಠೇವಣಿ (ಆರ್.ಡಿ.) ತೆರೆಸಿ. ತಿಂಗಳಿಗೆ ನೂರು ರೂಪಾಯಿಯಿಂದಲೇ ಅದು ಆರಂಭವಾಗುತ್ತದೆ. ಪಾಸ್‌ಬುಕ್ ಅವರ ಮನೆಯಲ್ಲಿಯೇ ಇರಲಿ. ನೀವು ವರ್ಷದ ಕೊನೆಗೆ ಸೇರಿಸಿ ಕೊಡಬೇಕೆಂದಿರುವ ಮೊತ್ತವನ್ನು ಬೋನಸ್ ಎಂದು ನೇರವಾಗಿ ಅವರ ಖಾತೆಗೆ ಹಾಕಿ. ಅಕ್ಕಪಕ್ಕದ ಮನೆಗಳವರನ್ನೂ ಸೇರಿಸಿಕೊಂಡರೆ ಹತ್ತರಿಂದ ಇಪ್ಪತ್ತು ಮಂದಿಯ ಸ್ವಸಹಾಯ ಗುಂಪು ಮಾಡಬಹುದು. ಗುಂಪುಗಳಿಗೆ ಬ್ಯಾಂಕಿನ ಸಾಲ ಜೋಡಿಸುವ ಕಾರ್ಯಕ್ರಮವನ್ನು ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1992ರಲ್ಲಿ ಆರಂಭಿಸಿತು. ಅದಕ್ಕೆ ದಾರಿ ತೋರಿದ ಪ್ರಯೋಗಗಳಲ್ಲಿ ನಮ್ಮ ಕರ್ನಾಟಕದ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯದೂ ಒಂದು.

ಕಲಿಕೆಯ ಬಗ್ಗೆಯೂ ಹೇಳಬೇಕು. 1982ರಲ್ಲಿ ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆಯನ್ನು ಆರಂಭಿಸಿದವು. ನಿರುದ್ಯೋಗಿ ಯುವಕ ಯುವತಿಯರಿಗೆ ಉಚಿತವಾಗಿ ಊಟ ವಸತಿ ಕೊಟ್ಟು, ಕೆಲವು ವಾರಗಳಲ್ಲಿ ಒಂದು ಕಸುಬನ್ನೂ ಅದರ ಲೆಕ್ಕಾಚಾರವನ್ನೂ ಕಲಿಸುವ ಈ ಮಾದರಿಯನ್ನು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಮುಂದೆ ದೇಶಕ್ಕೇ ವಿಸ್ತರಿಸಿತು. ಇಂದು ಜಿಲ್ಲೆಗೊಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಇರುವುದು ಅದರಿಂದಲೇ. ತರಬೇತಿ ಮುಗಿದ ಮೇಲೆ ಎರಡು ವರ್ಷ ಅಭ್ಯರ್ಥಿಯ ಬೆನ್ನಿಗೆ ನಿಲ್ಲುವುದು ಇದರ ನಿಯಮ. ನನ್ನ ಅನುಭವದಲ್ಲಿ ವ್ಯತ್ಯಾಸ ಮಾಡುವುದು ಮೊದಲ ಕೆಲವು ವಾರಗಳ ಪಾಠವಲ್ಲ, ಆ ಎರಡು ವರ್ಷ. ಟೈಲರಿಂಗ್ ಕಲಿತು ಹೋದ ಹೆಣ್ಣುಮಗಳು ಆರನೆಯ ತಿಂಗಳಿಗೆ ಫೋನ್ ಮಾಡಿ, ಬಟ್ಟೆ ಹೊಲಿಸಿಕೊಂಡವರು ಹಣ ಕೊಡುತ್ತಿಲ್ಲ, ಕೇಳಲು ಸಂಕೋಚವಾಗುತ್ತದೆ ಎನ್ನುತ್ತಾಳೆ. ಉದರಿ ವಸೂಲಿಯನ್ನು ತರಗತಿಯಲ್ಲಿ ಎಷ್ಟು ಹೇಳಿದರೂ ಅರ್ಥವಾಗುವುದು ಆಗಲೇ. ನಿಮ್ಮ ಆರು ಮಂದಿಯಲ್ಲಿ ಯಾರಿಗಾದರೂ ಮುಂದೆ ತಮ್ಮದೇ ಕೆಲಸ ಆರಂಭಿಸುವ ಆಸೆಯಿದ್ದರೆ ಶಿವಮೊಗ್ಗದ ಸಂಸ್ಥೆಗೆ ಕಳುಹಿಸಿ. ಅವರು ನಿಮ್ಮನ್ನು ಬಿಟ್ಟು ಹೋಗಬಹುದು. ಆ ನಷ್ಟಕ್ಕೆ ನೀವು ಸಿದ್ಧರಿರಬೇಕು.

ಮರುಪ್ರತಿಕ್ರಿಯೆ: ಪುಡಿ ತಯಾರಕಿ, ತೀರ್ಥಹಳ್ಳಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ದಾವಣಗೆರೆಯವರ ಮಾತು ಓದಿದ ಮೇಲೆ ಅಪ್ಪನ ಹಳೆಯ ಚೀಟಿಗಳನ್ನು ಮತ್ತೆ ತೆಗೆದು ನೋಡಿದೆ. ಕೊನೆಯ ನಾಲ್ಕು ತಿಂಗಳ ಚೀಟಿಗಳಲ್ಲಿ ಕೈಬರಹ ಬೇರೆಯಾಗಿದೆ. ಹಳೆಯ ಕಲೆಕ್ಟರ್ ಕಾಯಿಲೆ ಬಿದ್ದು ಬೇರೆ ಯಾರನ್ನೋ ಕಳುಹಿಸುತ್ತಿದ್ದರು ಎಂದು ಅಮ್ಮ ಈಗ ಹೇಳಿದರು. ಇಷ್ಟು ವರ್ಷ ನಾವು ಆ ಮನುಷ್ಯನನ್ನೇ ದೂರಿದ್ದೆವು.

ಹಣ ಹಿಡಿದಿಡುವ ಯೋಚನೆಯನ್ನು ಕೈಬಿಟ್ಟಿದ್ದೇನೆ. ನಿನ್ನೆ ಊಟದ ಬಿಡುವಿನಲ್ಲಿ ಎಲ್ಲರೊಡನೆ ಕುಳಿತು ಮಾತನಾಡಿದೆ. ನಾಲ್ವರು ಅಂಚೆ ಕಚೇರಿಗೆ ಒಪ್ಪಿದ್ದಾರೆ, ಸೋಮವಾರ ಒಟ್ಟಿಗೆ ಹೋಗುತ್ತೇವೆ. ಒಬ್ಬರು ಪಾಸ್‌ಬುಕ್ ಮನೆಯಲ್ಲಿದ್ದರೆ ಗಂಡನ ಕೈಗೆ ಹೋಗುತ್ತದೆ, ನೀವೇ ಇಟ್ಟುಕೊಳ್ಳಿ ಎಂದರು. ಬೆಳ್ತಂಗಡಿಯವರು ಇಟ್ಟುಕೊಳ್ಳಬೇಡಿ ಎಂದಿದ್ದಾರೆ. ಆದರೆ ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಂಥ ಸಂದರ್ಭದಲ್ಲಿ ಬೇರೆಯವರು ಏನು ಮಾಡಿದ್ದೀರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ. ಆರನೆಯವರು, ಎಲ್ಲರಿಗಿಂತ ಚಿಕ್ಕವಳು, ಶಿವಮೊಗ್ಗದ ತರಬೇತಿ ಯಾವಾಗ ಶುರುವಾಗುತ್ತದೆ ಎಂದು ಕೇಳಿದ್ದಾಳೆ.